ಎತ್ತಲು ಯಾವುದು ತಕ್ಕದ್ದು: ಹಲಗೆ, ಜೋಳಿಗೆ, ಲಿಫ್ಟ್

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳು ಹತೋಟಿಗೆ ಬಾರದ ಸ್ಥಿತಿ) ಇರುವ ನಮ್ಮ ಮಗಳ ತೂಕ 30 ಕಿಲೋ ಸಮೀಪಿಸಿದಾಗ, ಅವಳನ್ನು ಒಬ್ಬರೇ ಎತ್ತುವುದು ಅವಳಿಗೂ ಎತ್ತುವವರ ಸೊಂಟಕ್ಕೂ ಅಪಾಯವೆಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದರು. ಅಲ್ಲಿಂದೀಚೆಗೆ ವಿರಾಜಪೇಟೆ ಬಳಿಯ ನಮ್ಮ ಮನೆಯಲ್ಲಿ ಮೂರು ಬಗೆಯ ಸಾಧನಗಳನ್ನು ಬಳಸಿ ನೋಡಿದ್ದೇವೆ.

ಮೂರರಲ್ಲಿ ಅಗ್ಗವಾದದ್ದು ಮಂಚಕ್ಕೂ ಗಾಲಿಕುರ್ಚಿಗೂ ನಡುವೆ ಇಟ್ಟು ಜಾರಿಸುವ ಹಲಗೆ. ಎರಡೂ ಕಡೆಯ ಎತ್ತರ ಹೆಚ್ಚುಕಡಿಮೆ ಒಂದೇ ಆಗಿರಬೇಕು, ಕುರ್ಚಿಯ ಕೈ ತೆಗೆಯುವಂತಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಮಗುವಿಗೆ ತಾನಾಗಿ ಕೂರುವ ಶಕ್ತಿಯಿರಬೇಕು. ಮಳೆಗಾಲದ ತೇವದಲ್ಲಿ ಬರಿಯ ತೊಡೆ ಹಲಗೆಗೆ ಅಂಟಿಕೊಂಡು ಚರ್ಮ ಎಳೆಯುತ್ತದೆ. ಉದ್ದನೆಯ ಪ್ಯಾಂಟು ಹಾಕಿಯೇ ಜಾರಿಸಬೇಕು. ತೋಳುಗಳಲ್ಲಿ ಬಲವಿರುವ ಮಗುವಿಗೆ ಇದು ಒಳ್ಳೆಯದು, ಬೆನ್ನು ನಿಲ್ಲದ ನಮ್ಮ ಮಗಳಿಗೆ ಅಲ್ಲ.

ಮನೆಯೊಳಗೆ ನನ್ನ ಆಯ್ಕೆ ಹೈಡ್ರಾಲಿಕ್ ಲಿಫ್ಟ್, ಅಂದರೆ ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ಕೊಕ್ಕೆಗೆ ತೂಗಿಸಿ, ಪಂಪು ಒತ್ತಿ ಮೇಲೆತ್ತುವ ಗಾಲಿಯ ಸಾಧನ. ಮಲಗಿದ್ದಲ್ಲೇ ಅವಳನ್ನು ಪಕ್ಕಕ್ಕೆ ಹೊರಳಿಸಿ ಬೆನ್ನಡಿಗೆ ಜೋಳಿಗೆ ಹಾಸಿ, ತೊಡೆಗಳ ಕೆಳಗಿನಿಂದ ತಂದ ಪಟ್ಟಿಗಳನ್ನು ನಡುವೆ ಅಡ್ಡ ಹಾಯಿಸಿ ಕೊಕ್ಕೆಗೆ ಸಿಕ್ಕಿಸಿದರೆ, ಸೊಂಟ ಮತ್ತು ಮೊಣಕಾಲು ಮಡಿಚಿಕೊಂಡೇ ಮೇಲೇಳುವುದರಿಂದ ಅವಳು ಹಿಂದಕ್ಕೆ ಸೆಟೆಯುವುದು ಕಡಿಮೆಯಾಗುತ್ತದೆ. ಭುಜದ ಕಡೆ ಗಿಡ್ಡ ಕುಣಿಕೆ ಹಾಕಿದರೆ ನೆಟ್ಟಗೆ ಕೂರುತ್ತಾಳೆ, ಉದ್ದದ್ದು ಹಾಕಿದರೆ ಒರಗುತ್ತಾಳೆ. ಕುಣಿಕೆಯ ಬಣ್ಣ ಅದರ ಉದ್ದವನ್ನು ತೋರಿಸುತ್ತದೆ, ಎಡಬಲದ ಕುಣಿಕೆಗಳು ಮಾತ್ರ ಒಂದೇ ಬಣ್ಣದವಾಗಿರಲೇಬೇಕು. ಬ್ಯಾಟರಿಯ ಲಿಫ್ಟಿಗೆ ಶ್ರಮ ಕಡಿಮೆ, ನಿಜ. ಆದರೆ ಮುಂಗಾರಿನಲ್ಲಿ ಮರಗಳು ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಚಾರ್ಜಿನ ಚಿಂತೆ ಬೇಡವೆಂದು ನಾವು ಕೈಪಂಪಿನದನ್ನೇ ಆರಿಸಿಕೊಂಡೆವು. ಕೊಳ್ಳುವ ಮುನ್ನ ಮಂಚದಡಿಯ ಎತ್ತರ ಅಳೆಯಿರಿ: ಲಿಫ್ಟಿನ ಕಾಲುಗಳು ಒಳಗೆ ಸರಿಯಬೇಕು, ಅಡಿಯಲ್ಲಿ ಪೆಟ್ಟಿಗೆಯಿರುವ ಮಂಚಕ್ಕೆ ಇದು ಆಗದು.

ಲಿಫ್ಟಿನ ಸಣ್ಣ ಗಾಲಿಗಳು ಹೊಸ್ತಿಲು ದಾಟುವುದಿಲ್ಲ, ಹೊರಗೆ ಮೆಟ್ಟಿಲುಗಳೂ ಇವೆ. 1:12ರ ಇಳಿಜಾರಿನ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಲೆಕ್ಕದಲ್ಲಿ 75 ಸೆಂಟಿಮೀಟರ್ ಎತ್ತರಕ್ಕೆ 9 ಮೀಟರ್ ರ‍್ಯಾಂಪ್ ಬೇಕು. ಗುಡ್ಡದ ಮಗ್ಗುಲಿನ ಅಂಗಳದಲ್ಲಿ ಅಷ್ಟು ಜಾಗವೆಲ್ಲಿದೆ? ಆದ್ದರಿಂದ ಜೀಪಿನವರೆಗೆ ಇಬ್ಬರು ಹಿಡಿದು ಒಯ್ಯುವ, ಹಿಡಿಕೆಗಳುಳ್ಳ ಜೋಳಿಗೆಯನ್ನೇ ನಂಬಿದ್ದೇವೆ. ತಲೆಯ ಕಡೆ ಭಾರ ಹೆಚ್ಚು, ಅಲ್ಲಿ ಬಲಶಾಲಿಯೇ ನಿಲ್ಲಬೇಕು. ಹಾವಸೆ ಕಟ್ಟಿದ ಮೆಟ್ಟಿಲನ್ನು ಮೊದಲೇ ಉಜ್ಜಿಡಬೇಕು. ಭಾರವೆಲ್ಲ ಹೊರುವವರ ಸೊಂಟದ ಮೇಲೆಯೇ ಬೀಳುವುದರಿಂದ ಇದನ್ನು ದಿನನಿತ್ಯದ ಬಚ್ಚಲು ಕೆಲಸಕ್ಕೆ ಬಳಸುವುದು ಸರಿಯಲ್ಲ.

ಲಿಫ್ಟಿಗೆ ಎರಡು ಜೋಳಿಗೆಗಳಿರಲಿ, ಒಂದಾದರೂ ಬಲೆಬಟ್ಟೆಯದಾಗಿರಲಿ. ಆಷಾಢದಲ್ಲಿ ದಪ್ಪ ಬಟ್ಟೆ ಒಣಗುವುದೇ ಇಲ್ಲ, ಹಾಗೆಂದು ಒಲೆಯ ಮೇಲೆ ನೇತುಹಾಕಿದರೆ ಶಾಖಕ್ಕೆ ಪಟ್ಟಿ ಹಾಳಾಗಬಹುದು. ಹೊಲಿಗೆ ಬಿಟ್ಟ ಜೋಳಿಗೆಯನ್ನು ಮನೆಯಲ್ಲಿ ರಿಪೇರಿ ಮಾಡದೆ ಹೊಸದನ್ನೇ ಕೊಳ್ಳಿ.