ಮಾವ, ಮೇಲೆ ನೋಡಿ: ಏಳು ವರ್ಷ ನೋ ಮ್ಯಾನ್ಸ್ ಸ್ಕೈ ಆಡಿದ ಮೇಲೆ

ನೋ ಮ್ಯಾನ್ಸ್ ಸ್ಕೈ ಅಂದ್ರೆ ಬಾಹ್ಯಾಕಾಶದ ಶಿಪ್‌ನಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುತ್ತಾ ಹೋಗುವ ವಿಡಿಯೋ ಗೇಮ್. ಅದನ್ನು ಆಡುವಾಗ ನಮ್ಮ ಮನೆಯಲ್ಲಿ ಬಲ್ಬು ಎರಡು ಸಲ ಮಿಣುಕಿದರೆ ನಾನು ತಕ್ಷಣ ಶಿಪ್ ಇಳಿಸುತ್ತೇನೆ. ಯಾವ ಗ್ರಹ ಹತ್ತಿರ ಇದೆಯೋ ಅಲ್ಲಿಗೆ. ಶಿಪ್‌ನಿಂದ ಹೊರಗೆ ಬಂದು ನೆಲಕ್ಕೆ ಕಾಲಿಟ್ಟರೆ ಸಾಕು, ಆಟ ತಾನಾಗಿ ಸೇವ್ ಆಗುತ್ತದೆ. ಆಮೇಲೆ ಕರೆಂಟ್ ಹೋದರೂ ಚಿಂತೆ ಇಲ್ಲ. ಕೊಡಗಿನ ಸುಂಟಿಕೊಪ್ಪ ಕಡೆ ನಮ್ಮ ತೋಟದ ಮನೆ. ಜೂನ್ ಬಂತು ಅಂದ್ರೆ ಗಾಳಿ ಸ್ವಲ್ಪ ಜೋರಾದರೂ ಸಾಕು, ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದಿರುತ್ತದೆ. ಏಳು ವರ್ಷದಿಂದ ಹೀಗೇ ಆಡುತ್ತಾ ಬಂದಿದ್ದೇನೆ.

ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು, ಎಷ್ಟು ಜಿಬಿ ಜಾಗ ಬೇಕು ಅನ್ನೋದನ್ನು ನೀವು ಈಗಾಗಲೇ ನೋಡಿರುತ್ತೀರಿ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ನನಗೆ ಈ ಆಟದಿಂದ ಬೇಕಾಗಿದ್ದದ್ದು ಒಂದೇ. ನಾನೂ ನನ್ನ ಅಕ್ಕನ ಮಗನೂ ಒಂದೇ ಗ್ರಹದಲ್ಲಿ ಒಟ್ಟಿಗೆ ನಿಲ್ಲಬೇಕಿತ್ತು.

ಅವನು ಮೈಸೂರಿನಲ್ಲಿ ಬೆಳೆದವನು. 2014ರಲ್ಲಿ ಹತ್ತು ವರ್ಷ ಅವನಿಗೆ. ಆ ವರ್ಷ ದಸರಾ ರಜೆಗೆ ನಮ್ಮಲ್ಲಿಗೆ ಬಂದಿದ್ದಾಗ ಆಟದ ಟ್ರೈಲರ್ ತೋರಿಸಿದ್ದೆ. ಕೆಂಪು ಹುಲ್ಲು, ಮರಗಳ ನಡುವೆ ನುಗ್ಗಿಕೊಂಡು ಬರುವ ದೊಡ್ಡ ಪ್ರಾಣಿಗಳು, ಅಲ್ಲಿಂದ ಎಲ್ಲೂ ನಿಲ್ಲದೆ ನೇರ ಆಕಾಶಕ್ಕೆ ಹಾರುವ ಶಿಪ್. ಅವತ್ತು ರಾತ್ರಿ ಅವನು ಅದನ್ನು ಎಷ್ಟು ಸಲ ಹಾಕಿಸಿದನೋ ಲೆಕ್ಕವಿಲ್ಲ. "ಮಾವ, ನಾವಿಬ್ಬರೂ ಒಂದೇ ಗ್ರಹಕ್ಕೆ ಹೋಗಬಹುದಾ?" ಅಂತ ಕೇಳಿದ. ಹೋಗಬಹುದು ಅಂತ ಹೇಳಿದೆ. ನಾನು ಸುಮ್ನೆ ಹೇಳಿದ್ದಲ್ಲ. ಬೇರೆ ಆಟಗಾರರು ಎದುರಾಗಬಹುದು, ಆದರೆ ಈ ಬ್ರಹ್ಮಾಂಡ ಎಷ್ಟು ದೊಡ್ಡದು ಅಂದ್ರೆ ಎದುರಾಗುವುದು ತೀರಾ ಅಪರೂಪ ಅಂತ ಈ ಆಟ ಮಾಡಿದ ಹಲೋ ಗೇಮ್ಸ್ ಕಂಪನಿಯ ಶಾನ್ ಮರ್ರೆ ಸಂದರ್ಶನಗಳಲ್ಲಿ ಹೇಳುತ್ತಿದ್ದರು.

ದೊಡ್ಡದು ಅನ್ನೋ ಮಾತಂತೂ ನಿಜ. ಎರಡನ್ನು ಅರವತ್ನಾಲ್ಕು ಸಲ ಗುಣಿಸಿದರೆ ಬರುವಷ್ಟು ಗ್ರಹಗಳು. ನಮ್ಮ ಲೆಕ್ಕದಲ್ಲಿ 1 ಲಕ್ಷ 84 ಸಾವಿರ ಕೋಟಿ ಕೋಟಿ. ಒಂದೊಂದು ಗ್ರಹಕ್ಕೆ ಒಂದೊಂದು ಸೆಕೆಂಡ್ ಕೊಟ್ಟರೂ ಎಲ್ಲ ನೋಡಿ ಮುಗಿಸಲು 58 ಸಾವಿರ ಕೋಟಿ ವರ್ಷ ಬೇಕು. ಇಷ್ಟನ್ನೂ ಯಾರೂ ಕೂತು ಮಾಡಿಲ್ಲ, ಎಲ್ಲೂ ಇಟ್ಟಿಲ್ಲ. ಪ್ರತಿ ಗ್ರಹಕ್ಕೂ ಒಂದು ಸಂಖ್ಯೆ ಇದೆ. ಅದಕ್ಕೆ ಆಟ ಮಾಡುವವರು ಬೀಜ ಅಂತಾರೆ. ನಾವು ಹತ್ತಿರ ಹೋದಾಗ ಆ ಸಂಖ್ಯೆಯಿಂದ ಲೆಕ್ಕ ಹಾಕಿ ಬೆಟ್ಟ, ಮರ, ಪ್ರಾಣಿ ಎಲ್ಲ ಹುಟ್ಟುತ್ತದೆ. ನಮ್ಮ ರೊಬಸ್ಟಾ ಹಾಗಲ್ಲ. ಒಂದೇ ಗಿಡದ ಬೀಜ ಹಾಕಿದರೂ ಸಸಿ ಒಂದೊಂದು ತರ ಬರುತ್ತದೆ, ಪರಾಗ ಬೇರೆ ಗಿಡದಿಂದ ಬಂದಿರುತ್ತದಲ್ವಾ. ಇಲ್ಲಿ ಒಂದು ಸಂಖ್ಯೆಗೆ ಯಾವಾಗಲೂ ಅದೇ ಗ್ರಹ. ನಾನು ಹೋದರೂ ಅದೇ ಬೆಟ್ಟ, ನೀವು ಹೋದರೂ ಅದೇ ಬೆಟ್ಟ.

ಈ ವಿಷಯ ಗೊತ್ತಿದ್ದರೆ 2016ರ ಆಗಸ್ಟ್‌ನಲ್ಲಿ ಆಗಿದ್ದು ಅರ್ಥವಾಗುತ್ತದೆ. 9ನೇ ತಾರೀಕು ಪ್ಲೇಸ್ಟೇಷನ್‌ಗೆ ಬಂತು, 12ಕ್ಕೆ ಪಿಸಿಗೆ. ಬಂದ ಮೊದಲ ದಿನವೇ ಇಬ್ಬರು ಆಟಗಾರರು ಹೇಗೋ ಹುಡುಕಿಕೊಂಡು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದರು. ಇಬ್ಬರ ಎದುರಿಗೂ ಅದೇ ಜಾಗ. ಆದರೆ ಒಬ್ಬರಿಗೆ ಇನ್ನೊಬ್ಬರು ಕಾಣಲಿಲ್ಲ. ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಜಗತ್ತೆಲ್ಲ ನೋಡಿತು. ನಾನೂ ನೋಡಿದೆ. ಸಿಟ್ಟಿಗಿಂತ ಬೇಜಾರೇ ಜಾಸ್ತಿ ಆಯಿತು. ಅಳಿಯನಿಗೆ ಫೋನ್ ಮಾಡಿದರೆ ಅವನಿಗೆ ಆಗಲೇ ಗೊತ್ತಿತ್ತು. "ಹಾಗಾದ್ರೆ ಬೇಡ ಮಾವ" ಅಂದ. ಅಷ್ಟೇ ಅಂದಿದ್ದು. ನಾವು ಕೊಳ್ಳಲಿಲ್ಲ.

ಆಗ ಈ ಆಟಕ್ಕೆ ಬಿದ್ದ ಬೈಗುಳ ಸಣ್ಣದಲ್ಲ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪುಟದಲ್ಲಿ ಹಾಕಿದ್ದ ಜಾಹೀರಾತಿನ ಮೇಲೆ ಬ್ರಿಟನ್‌ನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರುಗಳು ಹೋದವು. ಜಾಹೀರಾತು ದಾರಿ ತಪ್ಪಿಸುವಂತಿಲ್ಲ ಅಂತ ಆ ನವೆಂಬರ್‌ನಲ್ಲಿ ಅವರು ತೀರ್ಪು ಕೊಟ್ಟರು. ನಿಯಮದ ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ಒಬ್ಬ ಹುಡುಗ ಎರಡು ವರ್ಷ ಕಾದು ಕೂತಿದ್ದು ಸ್ಟೋರ್ ಪುಟದಲ್ಲಿದ್ದ ಚಿತ್ರಗಳಿಗಾಗಿ ಅಲ್ಲ. ಇಲ್ಲದ್ದನ್ನು ಇದೆ ಅನ್ನುವಂತೆ ಮಾತಾಡಿದ್ದು ತಪ್ಪು. ಈಗಲೂ ನಾನು ಹಾಗೇ ಹೇಳುತ್ತೇನೆ.

ಆಮೇಲೆ ಹಲೋ ಗೇಮ್ಸ್‌ನವರ ಬಗ್ಗೆ ಒಂದು ವಿಷಯ ಓದಿದೆ. 2013ರ ಡಿಸೆಂಬರ್‌ನಲ್ಲಿ ಮೊದಲ ಟ್ರೈಲರ್ ತೋರಿಸಿ ಕೆಲವೇ ದಿನಕ್ಕೆ, ಕ್ರಿಸ್‌ಮಸ್ ಹಿಂದಿನ ದಿನ, ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿದ್ದ ಅವರ ಆಫೀಸಿಗೆ ಹೊಳೆಯ ನೀರು ನುಗ್ಗಿತ್ತು. ಕಂಪ್ಯೂಟರ್, ಸಾಮಾನು ಎಲ್ಲ ಹಾಳು. ಇದ್ದವರು ಬೆರಳೆಣಿಕೆಯಷ್ಟು ಜನ. ಅಲ್ಲಿಂದ ಮತ್ತೆ ಎದ್ದು ಮಾಡಿದ ಆಟ ಇದು. ಇದನ್ನು ಓದಿದಾಗ ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಎರಡು ವರ್ಷದ ಮೇಲೆ ಅನ್ನಿಸಿತು.

2018ರ ಜುಲೈ 24ಕ್ಕೆ ನೆಕ್ಸ್ಟ್ ಅನ್ನೋ ಅಪ್‌ಡೇಟ್ ಬಂತು. ಈ ಸಲ ನಿಜವಾಗಿಯೂ ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿಕೊಂಡು ಆಡಬಹುದಿತ್ತು. ಅಳಿಯನೇ ಫೋನ್ ಮಾಡಿ "ಮಾವ, ಈಗ ಆಗುತ್ತಂತೆ" ಅಂದ. ಅರ್ಧ ಬೆಲೆಗೆ ಸಿಗುತ್ತಿತ್ತು. ಎರಡು ಕಾಪಿ ತೆಗೆದುಕೊಂಡೆ, ಒಂದು ನನಗೆ, ಒಂದು ಅವನಿಗೆ. ನಮ್ಮ ಕಡೆ ಇಂಟರ್ನೆಟ್ ಆಗ ತೀರಾ ನಿಧಾನ. ಕುಶಾಲನಗರದಲ್ಲಿ ಗೆಳೆಯನ ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋಗಿ ಡೌನ್‌ಲೋಡ್ ಮಾಡಿಕೊಂಡು ಬಂದೆ. ಮೊದಲ ಗ್ರಹದಲ್ಲಿ ಕೆಟ್ಟು ನಿಂತ ಶಿಪ್ ರಿಪೇರಿ ಮಾಡುವುದು, ಕಾರ್ಬನ್ ಕೂಡಿಸುವುದು, ವಿಷದ ಮಳೆಯಿಂದ ಗುಹೆ ಸೇರುವುದು ಎಲ್ಲ ಕಲಿತೆ. ಅವನು ತನ್ನ ಕಡೆ ಕಲಿಯುತ್ತಿದ್ದ. ಸ್ವಾತಂತ್ರ್ಯ ದಿನದ ರಜೆಗೆ ಒಟ್ಟಿಗೆ ಆಡುವುದು ಅಂತ ಮಾತಾಗಿತ್ತು.

ಆ ವಾರ ಕೊಡಗಿನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿ ಬಂದವು. ನಮ್ಮ ಮನೆಗೆ ಏನೂ ಆಗಲಿಲ್ಲ. ತೋಟದ ಕೆಳಗಿನ ಅಂಚು ಹೋಯಿತು, ಮೆಣಸಿನ ಬಳ್ಳಿ ಹಬ್ಬಿಸಿದ್ದ ಮರಗಳ ಸಮೇತ. ಹದಿನೆಂಟು ದಿನ ಕರೆಂಟ್ ಇರಲಿಲ್ಲ. ಆಟದ ನೆನಪೂ ಬರಲಿಲ್ಲ. ಕೆಸರು ಮೆತ್ತಿದ ಪಾತ್ರೆ ತೊಳೆಯುತ್ತಿದ್ದ ಪಕ್ಕದ ಊರಿನವರನ್ನು ನೋಡಿದಾಗ ಮಾತ್ರ ಯಾಕೋ ಗಿಲ್ಡ್‌ಫರ್ಡ್‌ನ ಆ ಆಫೀಸು ಕಣ್ಣ ಮುಂದೆ ಬಂತು. ನೀರು ಹೋದ ಮೇಲೆ ಕೂತು ಮತ್ತೆ ಶುರು ಮಾಡುವುದು ಅಂದ್ರೆ ಏನು ಅಂತ ಅವತ್ತು ಗೊತ್ತಾಯಿತು. ಅವರ ಮೇಲೆ ನನಗಿದ್ದ ಬೇಸರ ಕಮ್ಮಿ ಆಗಿದ್ದು ಅಲ್ಲಿಂದಲೇ.

ಗಣೇಶ ಹಬ್ಬ ಮುಗಿದ ಶನಿವಾರ, ರಾತ್ರಿ ಎಂಟು ಗಂಟೆ. ಫೋನ್ ಸ್ಪೀಕರ್‌ನಲ್ಲಿ ಹಾಕಿ ಮೇಜಿನ ಮೇಲೆ ಇಟ್ಟಿದ್ದೆ. ಅಳಿಯ ನನ್ನ ಆಟಕ್ಕೆ ಸೇರಿಕೊಂಡ. ನಾನು ಹಸಿರು ಬೆಟ್ಟದ ಇಳಿಜಾರಿನಲ್ಲಿ ನಿಂತಿದ್ದೆ. ಸುತ್ತ ನೋಡಿದೆ, ಯಾರೂ ಇಲ್ಲ. ಈ ಸಲವೂ ಹಾಗೇ ಆಯಿತಾ ಅಂದುಕೊಂಡೆ. "ಎಲ್ಲಿದ್ದೀಯೋ?" ಅಂದೆ. "ಮಾವ, ಮೇಲೆ ನೋಡಿ" ಅಂದ. ಬಂಡೆಯ ತುದಿಯಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು ಒಬ್ಬ ನಿಂತಿದ್ದ. ಕೈ ಬೀಸಿದ. ಬೆನ್ನಿನ ಜೆಟ್‌ಪ್ಯಾಕ್ ಹಾಕಿ ಹಾರಿ ನನ್ನ ಪಕ್ಕಕ್ಕೆ ಇಳಿದ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ, ಸುಮ್ನೆ ನಿಂತು ಒಬ್ಬರನ್ನೊಬ್ಬರು ನೋಡಿದೆವು. ಅಷ್ಟರಲ್ಲಿ ಆ ಗ್ರಹದಲ್ಲಿ ಮಳೆ ಶುರುವಾಯಿತು. ಇಲ್ಲಿ ನಮ್ಮ ಮಾಡಿನ ಶೀಟ್ ಮೇಲೆ ಆಗಲೇ ಬೀಳುತ್ತಿತ್ತು. ಆ ಗ್ರಹಕ್ಕೆ ಭಾಗಮಂಡಲ ಅಂತ ಹೆಸರಿಟ್ಟೆವು. ಈಗಲೂ ನಮ್ಮ ಮನೆ ಅಲ್ಲೇ ಇದೆ.

ಮನೆ ಅಂದ್ರೆ ಮರದ ಗೋಡೆಯ ಎರಡು ಕೋಣೆ, ಪಕ್ಕಕ್ಕೆ ಗಾಜಿನ ಗುಮ್ಮಟದ ಒಳಗೆ ಗಿಡಗಳು. ನಾನು ಅತಿ ಜಾಸ್ತಿ ಹೊತ್ತು ಕಳೆಯುವುದು ಅಲ್ಲೇ. ಫ್ರಾಸ್ಟ್‌ವರ್ಟ್ ಚಳಿ ಗ್ರಹದ ಗಿಡ, ಆದರೆ ಗುಮ್ಮಟದ ಒಳಗೆ ಎಲ್ಲಿ ಬೇಕಾದರೂ ಬರುತ್ತದೆ. ಆಟ ಮುಚ್ಚಿದ ಮೇಲೂ ಗಿಡ ಬೆಳೆಯುತ್ತಿರುತ್ತದೆ, ನಮ್ಮ ಗಡಿಯಾರದ ಪ್ರಕಾರವೇ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ದಿನವಿಡೀ ಕಣದಲ್ಲಿ ಹಣ್ಣು ಕೆದಕಿಸಿ, ಸಂಜೆ ಒಟ್ಟು ಮಾಡಿಸಿ ಟಾರ್ಪಾಲ್ ಹೊದಿಸಿ ಒಳಗೆ ಬಂದರೆ ಕೈಯೆಲ್ಲ ಸಿಪ್ಪೆಯ ಅಂಟು. ಕೈ ತೊಳೆದು, ಬೆಲ್ಲದ ಕಾಫಿ ಹಿಡಿದು ಕೂತು, ಆ ಗುಮ್ಮಟದ ಬಾಗಿಲು ತೆರೆಯುತ್ತೇನೆ. ಹದಿನಾರು ಗಿಡ. ಒಂದೊಂದರ ಹತ್ತಿರ ನಿಂತು ಬಟನ್ ಒತ್ತಿ ಹಿಡಿಯುತ್ತೇನೆ. ಸುತ್ತ ಒಂದು ರೌಂಡ್. ಇಲ್ಲಿ ಕೂಲಿ ಆಳು ಹುಡುಕಬೇಕಿಲ್ಲ, ಬೋರರ್ ಹುಳ ಇಲ್ಲ, ಹೂಮಳೆ ಬರುತ್ತೋ ಇಲ್ಲವೋ ಅಂತ ಆಕಾಶ ನೋಡಬೇಕಿಲ್ಲ. ನನಗೆ ಆ ಹತ್ತು ನಿಮಿಷ ದೊಡ್ಡ ಸಮಾಧಾನ. ಯಾವ ಟ್ರೈಲರ್‌ನಲ್ಲೂ ನನಗೆ ಇದನ್ನು ತೋರಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೇಳಿದ್ದರಲ್ಲಿ ಕೆಲವು ಇನ್ನೂ ಇಲ್ಲ. ಗ್ರಹಗಳು ಸೂರ್ಯನ ಸುತ್ತ ನಿಜವಾಗಿ ಸುತ್ತುವುದಿಲ್ಲ, ಆಕಾಶ ತಿರುಗಿದಂತೆ ಕಾಣುತ್ತದೆ ಅಷ್ಟೇ. 2014ರಲ್ಲಿ ನೋಡಿದ ಹಾಗೆ ಕಾಡನ್ನೇ ಅಲುಗಾಡಿಸುವ ಪ್ರಾಣಿಗಳ ಹಿಂಡು ನನಗೆ ಒಮ್ಮೆಯೂ ಎದುರಾಗಿಲ್ಲ. ಮೂವತ್ತು ನಲವತ್ತು ಗ್ರಹ ನೋಡಿದ ಮೇಲೆ ಅದೇ ಅಣಬೆ, ಅದೇ ಕಟ್ಟಡ ಮತ್ತೆ ಮತ್ತೆ ಬರುತ್ತದೆ. ನೆಲದಿಂದ ಶಿಪ್ ಮೇಲೇಳುವಾಗ ಇಂಧನ ಖರ್ಚಾಗುತ್ತದೆ, ಅದನ್ನು ತುಂಬುತ್ತಲೇ ಇರಬೇಕು. ಚೀಲದಲ್ಲಿ ಜಾಗ ಯಾವಾಗಲೂ ಸಾಲದು. ಗ್ರಹಗಳ ಲೆಕ್ಕ ನೋಡಿ, ಪ್ರತಿ ದಿನ ಹೊಸದು ಸಿಗುತ್ತದೆ ಅಂತ ಕೊಳ್ಳುವವರಿಗೆ ಒಂದು ತಿಂಗಳಲ್ಲಿ ಸಾಕಾಗುತ್ತದೆ. ಒಂದು ಜಾಗ ಹಿಡಿದು ಅಲ್ಲಿ ನೆಲೆ ನಿಲ್ಲುವವರಿಗೆ ಇದು ಬೇರೆಯೇ ಆಟ.

ಆದರೆ ಒಂದು ಮಾತು ಒಪ್ಪಬೇಕು. ಕೊಂಡ ಮೇಲೆ ಇವತ್ತಿನವರೆಗೆ ಅಪ್‌ಡೇಟ್‌ಗೆ ಅಂತ ಒಂದು ರೂಪಾಯಿಯೂ ಕೊಟ್ಟಿಲ್ಲ. 2019ರಲ್ಲಿ ಬಿಯಾಂಡ್ ಬಂತು, ಬೇರೆ ಆಟಗಾರರೆಲ್ಲ ಸೇರುವ ಜಾಗ ಕೊಟ್ಟರು, ಅಡುಗೆ ಕೊಟ್ಟರು. ಹಳೆಯ ಟ್ರೈಲರ್‌ನಲ್ಲಿದ್ದ ಮರಳಿನ ದೈತ್ಯ ಹುಳು 2020ರ ಒರಿಜಿನ್ಸ್‌ನಲ್ಲಿ ಬಂತು, ಆರು ವರ್ಷ ತಡವಾಗಿ. 2024ರ ಜುಲೈನಲ್ಲಿ ವರ್ಲ್ಡ್ಸ್ ಬಂದಾಗ ಮೋಡ, ನೀರು ಎಲ್ಲ ಹೊಸದಾಯಿತು. ಭಾಗಮಂಡಲದ ಮೇಲೆ ಮೊದಲ ಸಲ ದಪ್ಪ ಮೋಡ ಬಂದು ನಿಂತಿದ್ದನ್ನು ನೋಡಿ ನಾನು ಅಳಿಯನಿಗೆ ಫೋಟೊ ತೆಗೆದು ಕಳಿಸಿದೆ. ಮೊದಲ ದಿನ ಬರೀ ಬೈಗುಳವೇ ತುಂಬಿದ್ದ ಸ್ಟೀಮ್ ವಿಮರ್ಶೆಗಳು 2024ರ ಕೊನೆಗೆ ತುಂಬಾ ಚೆನ್ನಾಗಿದೆ ಅನ್ನುವ ಮಟ್ಟಕ್ಕೆ ಬಂದವು. ಈಗ ಶಾನ್ ಮರ್ರೆ ಮೊದಲೇ ಏನೂ ಹೇಳುವುದಿಲ್ಲ. ಅಪ್‌ಡೇಟ್ ಬರುವ ಮುಂಚೆ ಒಂದು ಇಮೋಜಿ ಹಾಕುತ್ತಾರೆ, ಅಷ್ಟೇ. ನನಗೆ ಇದು ಇಷ್ಟ. ಹಾಗಂತ 2016ರಲ್ಲಿ ಪೂರ್ತಿ ದುಡ್ಡು ಕೊಟ್ಟು ಕೊಂಡವರ ನೋವು ಸುಳ್ಳು ಅಂತ ನಾನು ಹೇಳಲಾರೆ. ನಾನು ಅರ್ಧ ಬೆಲೆಗೆ, ಅವರು ಮಾತು ಉಳಿಸಿಕೊಂಡ ಮೇಲೆ ಕೊಂಡವನು. ನನ್ನ ಪ್ರೀತಿಯ ಹಿಂದೆ ಅದೂ ಇದೆ.

ಕೊಳ್ಳುವುದಾದರೆ ಸೇಲ್ ತನಕ ಕಾಯಿರಿ, ಅರ್ಧ ಬೆಲೆಗೆ ಆಗಾಗ ಸಿಗುತ್ತದೆ. ಒಬ್ಬರೇ ಕೊಳ್ಳುವ ಬದಲು ನಿಮ್ಮವರು ಯಾರಾದರೂ ಒಬ್ಬರನ್ನು ಒಪ್ಪಿಸಿ ಎರಡು ಕಾಪಿ ತೆಗೆದುಕೊಳ್ಳಿ. ನಮ್ಮ ಹಾಗೆ ಕರೆಂಟ್ ನಂಬಲಾಗದ ಕಡೆ ಇದ್ದರೆ ಯುಪಿಎಸ್ ಬೇಕೇ ಬೇಕು. ಬರೀ ಇನ್ವರ್ಟರ್ ಇದ್ದರೆ ಅದು ಶುರುವಾಗುವ ಆ ಕ್ಷಣದಲ್ಲೇ ಡೆಸ್ಕ್‌ಟಾಪ್ ಆಫ್ ಆಗಬಹುದು.

ಅಳಿಯನಿಗೆ ಈಗ ಬೆಂಗಳೂರಿನಲ್ಲಿ ಕೆಲಸ. ದಿನಾ ಆಡಲು ಆಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ವಾಯೇಜರ್ಸ್ ಬಂದ ಮೇಲೆ ನಮ್ಮದೇ ದೊಡ್ಡ ಶಿಪ್ ಕಟ್ಟಬಹುದು, ಒಳಗೆ ಓಡಾಡಬಹುದು. ಅದನ್ನು ಸ್ವಲ್ಪ ಸ್ವಲ್ಪವೇ ಕಟ್ಟುತ್ತಿದ್ದೇವೆ, ಭಾನುವಾರ ಮಾತ್ರ. ಉಳಿದ ದಿನ ಅವನು ರಾತ್ರಿ ಯಾವಾಗಲೋ ಬಂದು ಹೋಗುತ್ತಾನೆ. ಆಟದಲ್ಲಿ ಸಂದೇಶ ಬಿಟ್ಟು ಹೋಗುವ ಒಂದು ಕಂಬ ಸಿಗುತ್ತದೆ, ಅದನ್ನು ಗುಮ್ಮಟದ ಬಾಗಿಲಲ್ಲಿ ನೆಟ್ಟಿದ್ದೇವೆ. ನಿನ್ನೆ ಸಂಜೆ ಮಳೆ ಬಿಟ್ಟ ಮೇಲೆ ಹೋಗಿ ನೋಡಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ: "ಮಾವ, ಎಡಗಡೆ ಎಂಟು ಗಿಡ ಕೊಯ್ದಿದ್ದೇನೆ. ಬಲಗಡೆ ನಿಮಗೆ ಬಿಟ್ಟಿದ್ದೇನೆ."