ಹೊಸ ಬ್ಯಾಟರಿ ತರೋ ಮುಂಚೆ ಒಂದು ಸಲ ಮೀಟರ್ ಹಿಡಿಸಿ

ನಮ್ಮ ಪಿಕಪ್ 2004ರ ಮಾಡೆಲ್, ಡೀಸೆಲ್. ಮುಳಬಾಗಿಲು ಕಡೆಯ ನಮ್ಮೂರಿನಿಂದ ಕೋಲಾರ ಎಪಿಎಂಸಿಗೆ ಟೊಮ್ಯಾಟೊ ಹೊಡೆಯೋದು ಅದರ ಕೆಲಸ. ಹೋದ ಸೀಸನ್ನಿನಲ್ಲಿ ಈ ಗಾಡಿಯ ಬ್ಯಾಟರಿ ವಿಷಯಕ್ಕೆ ನಾನು 11,500 ರೂಪಾಯಿ ಸುರಿದೆ. ಕೊನೆಗೆ ರಿಪೇರಿಗೆ ಬೇಕಾಗಿದ್ದು ಒಂದು ಇನ್ಸುಲೇಷನ್ ಟೇಪು ಮತ್ತು ಒಂದು ಮಧ್ಯಾಹ್ನ. ನಿಮ್ಮ ಹತ್ತಿರ ಹಳೇ ಗಾಡಿ ಇದ್ದು, ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಎತ್ತುತ್ತಿಲ್ಲ ಅಂದರೆ, ಅಂಗಡಿಗೆ ಓಡೋ ಮುಂಚೆ ಇದನ್ನು ಓದಿ.

ಶುರುವಾಗಿದ್ದು ಹಬ್ಬದ ಮಾರನೇ ದಿನ. ಗಾಡಿ ಎರಡು ದಿನ ಶೆಡ್ಡಿನಲ್ಲೇ ನಿಂತಿತ್ತು. ಬೆಳಗಿನ ಜಾವ 4 ಗಂಟೆಗೆ 60 ಬಾಕ್ಸ್ ಲೋಡ್ ಮಾಡಿ ಕೀ ತಿರುಗಿಸಿದೆ. ಕಟ್ ಅಂತ ಒಂದು ಸದ್ದು, ಅಷ್ಟೇ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರೋ ಬೀಡಿಯ ಹಾಗೆ ಮಂಕಾಯಿತು. ಲೋಡಾದ ಗಾಡಿ ತಳ್ಳೋಕೆ ನಾಲ್ಕು ಜನ ಬೇಕು, ಇದ್ದದ್ದು ನಾನು ಮತ್ತು ಅಕ್ಕನ ಮಗ. ಪಕ್ಕದ ತೋಟದವರನ್ನು ಎಬ್ಬಿಸಿ, ಅವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡೋ ಹೊತ್ತಿಗೆ ಬೆಳಕು ಹರಿದಿತ್ತು. ಮಂಡಿಯಲ್ಲಿ ಜೋರು ಹರಾಜು ಮುಗಿದಿತ್ತು. ಅವರು ಹೇಳಿದ ರೇಟಿಗೆ ಕೊಟ್ಟು ಬಂದೆ, ಬಾಕ್ಸಿಗೆ 80 ರೂಪಾಯಿ ಕಮ್ಮಿ. ಆ 11,500ರಲ್ಲಿ ಇದನ್ನು ಸೇರಿಸಿಲ್ಲ.

ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟರ್ ಹಿಡಿದು ನೋಡಿ "ಇದು ಹೋಗಿದೆ ಅಣ್ಣ" ಅಂದರು. ಮೂರು ವರ್ಷದ ಬ್ಯಾಟರಿ, ನಂಬಿದೆ. ಹಳೇದನ್ನು ಕೊಟ್ಟು 80 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಸುತ್ತದೆ ಅನ್ನೋ ಲೆಕ್ಕ) ಹೊಸದು ಹಾಕಿಸಿದೆ, 7,200 ಆಯಿತು. ಎರಡು ವಾರ ಗಾಡಿ ಮುಟ್ಟಿದರೆ ಸ್ಟಾರ್ಟು. ಆಮೇಲೆ ರೇಟು ಬಿದ್ದು ಐದು ದಿನ ಕೊಯ್ಲು ನಿಲ್ಲಿಸಿದೆವು. ಆರನೇ ದಿನ ಮತ್ತೆ ಅದೇ ಕಟ್ ಸದ್ದು.

ಈಗ ವೈರಿಂಗ್ ಅಂಗಡಿ. ಅಲ್ಲಿನ ಮೇಸ್ತ್ರಿ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ಹಿಡಿದುಕೊಂಡ. ಇಂಜಿನ್ ಆಫ್ ಆಗಲಿಲ್ಲ. ಹೆಡ್‌ಲೈಟ್ ಮಾತ್ರ ಒಂದು ಸಲ ಜೋರಾಗಿ, ಒಂದು ಸಲ ಮಂಕಾಗಿ ಉರಿಯಿತು. "ಡೈನಮೋ ಸರಿಯಾಗಿ ಕೊಡ್ತಿಲ್ಲ" ಅಂತ ತೀರ್ಪು ಕೊಟ್ಟ. ಡೈನಮೋ ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್. ಈ ಪರೀಕ್ಷೆಯನ್ನು ನಿಮ್ಮ ಗಾಡಿಗೆ ಯಾರಾದರೂ ಮಾಡಲು ಬಂದರೆ ದಯವಿಟ್ಟು ಕೈ ಹಿಡಿದು ನಿಲ್ಲಿಸಿ. ಬ್ಯಾಟರಿ ಇಲ್ಲದೆ ಡೈನಮೋ ಓಡಿದರೆ ವೋಲ್ಟೇಜ್ ಒಮ್ಮೆಲೇ ಎಗರುತ್ತದೆ. ರೆಗ್ಯುಲೇಟರ್, ಡಯೋಡ್ ಎರಡೂ ಸುಡಬಹುದು. ಕಂಪ್ಯೂಟರ್ ಇರೋ ಗಾಡಿಯಾದರೆ ಅದಕ್ಕೂ ಕಂಟಕ. ಇನ್ನು ನಮ್ಮದರಂಥ ಹಳೇ ಡೀಸೆಲ್ ಇಂಜಿನ್, ಅದೂ ಕೇಬಲ್ ಎಳೆದು ಆಫ್ ಮಾಡೋದು, ಸ್ಟಾರ್ಟ್ ಆದ ಮೇಲೆ ಬ್ಯಾಟರಿಯನ್ನೇ ಕೇಳಲ್ಲ. ಅದು ಓಡುತ್ತಿದೆ ಅನ್ನೋದರಿಂದ ಡೈನಮೋ ಬಗ್ಗೆ ಏನೂ ಗೊತ್ತಾಗಲ್ಲ. ಡೈನಮೋ ನೋಡಬೇಕಾ? ಟರ್ಮಿನಲ್ ಮುಟ್ಟದೆ, ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.5 ವೋಲ್ಟ್ ಒಳಗೆ ಬಂದರೆ ಚಾರ್ಜಿಂಗ್ ಆಗುತ್ತಿದೆ ಅಂತ ಅರ್ಥ.

ಇದು ಆಗ ನನಗೆ ಗೊತ್ತಿರಲಿಲ್ಲ. ಡಯೋಡ್ ಪ್ಲೇಟ್, ರೆಗ್ಯುಲೇಟರ್, ಬೇರಿಂಗ್ ಅಂತ 3,400 ಕೊಟ್ಟೆ. ಬಿಲ್ ಕೇಳಲಿಲ್ಲ, ಅವರೂ ಕೊಡಲಿಲ್ಲ. ಸಲ್ಪ ದಿನದಲ್ಲೇ ಇನ್ನೊಂದು ಸಲ ಬ್ಯಾಟರಿ ಡೌನ್. ಈ ಸಲ ನಾಲ್ಕೇ ದಿನಕ್ಕೆ! ರಿಪೇರಿ ಮಾಡಿಸಿದ ಮೇಲೆ ಬೇಗ ಕೈಕೊಡುತ್ತಿದೆಯಲ್ಲ ಅಂತ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಅದೇ ಅಂಗಡಿಗೆ ಹೋದೆ. ಸೆಲ್ಫ್ ಮೋಟರ್ ಬಿಚ್ಚಿ ಬುಷ್, ಕಾರ್ಬನ್ ಬದಲಿಸಿ 900 ತೆಗೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ನಮ್ಮ ಎಮ್ಮೆಗೆ ಎರಡು ಬರೆ ಬಿದ್ದಿತ್ತು.

ಬ್ಯಾಟರಿ ಅಂಗಡಿಗೆ ವಾರಂಟಿ ಕಾರ್ಡ್ ಹಿಡಿದು ಹೋದೆ. ಒಂದು ರಾತ್ರಿ ಚಾರ್ಜಿಗೆ ಹಾಕಿ ವಾಪಸ್ ಕೊಟ್ಟರು. "ಬ್ಯಾಟರಿ ಚೆನ್ನಾಗಿದೆ. ಡೀಪ್ ಡಿಸ್ಚಾರ್ಜ್ ಆದರೆ ವಾರಂಟಿ ಬರಲ್ಲ." ಅಲ್ಲಿ ಜಗಳ ಆಡಿದೆ, ಈಗ ನಾಚಿಕೆ ಆಗುತ್ತದೆ. ಅವರು ಹೇಳಿದ್ದು ಸರಿ ಇತ್ತು. ಗಾಡಿಯ ಬ್ಯಾಟರಿ ಪೂರ್ತಿ ಬರಿದಾಗಿ ಹಾಗೇ ಬಿದ್ದಿದ್ದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಕಟ್ಟುತ್ತದೆ. ಪ್ರತಿ ಸಲ ಡೌನ್ ಆದಾಗಲೂ ಹೊಸ ಬ್ಯಾಟರಿಯ ಆಯುಸ್ಸು ಸಲ್ಪ ಸಲ್ಪ ಕಮ್ಮಿ ಆಗುತ್ತದೆ.

ಕೊನೆಗೆ ಕಳ್ಳನನ್ನು ಹಿಡಿದವರು ಬೋರ್‌ವೆಲ್ ಮೋಟರ್ ರಿಪೇರಿ ಮಾಡೋ ನಮ್ಮೂರಿನ ಅಣ್ಣ ಒಬ್ಬರು. ಪ್ಯಾನಲ್ ಬೋರ್ಡ್ ನೋಡೋಕೆ ತೋಟಕ್ಕೆ ಬಂದಿದ್ದರು. ನನ್ನ ಗೋಳು ಕೇಳಿ, "ಟ್ಯಾಂಕ್ ತೂತಾಗಿದ್ರೆ ಮೋಟರ್ ಬದಲಾಯಿಸಿ ಏನ್ ಪ್ರಯೋಜನಪ್ಪಾ?" ಅಂದರು. ಎರಡು ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಗಾಡಿ ಆಫ್ ಆಗಿರುವಾಗ ಎಷ್ಟು ಕರೆಂಟು ಹೋಗುತ್ತಿದೆ?

ಅವರಿಗೂ ಮೊದಲ ಸಲ ಎಡವಟ್ಟಾಯಿತು. ಬೋರ್ ಕೇಬಲ್ಲಿಗೆ ಹಿಡಿಯೋ ಕ್ಲಾಂಪ್ ಮೀಟರನ್ನೇ ಬ್ಯಾಟರಿ ವೈರಿಗೆ ಹಿಡಿದರು. ಸೊನ್ನೆ ತೋರಿಸಿತು. "ಲೀಕೇಜೇ ಇಲ್ವಲ್ಲ" ಅಂದವರು ಒಂದು ನಿಮಿಷ ಬಿಟ್ಟು ತಾವೇ ನಕ್ಕರು. ಆ ಮೀಟರ್ ಎಸಿ ಕರೆಂಟು ಮಾತ್ರ ಓದುತ್ತದೆ, ಬ್ಯಾಟರಿಯದ್ದು ಡಿಸಿ. ಮನೆಯಿಂದ ಮಾಮೂಲಿ ಮಲ್ಟಿಮೀಟರ್ ತರಿಸಿದರು.

ಮಾಡಿದ ರೀತಿ ಇದು. ಕೀ ತೆಗೆದು, ಲೈಟೆಲ್ಲ ಆಫ್ ಮಾಡಿ, 10 ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿದರು. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ಕೇಬಲ್ ಮತ್ತು ಬ್ಯಾಟರಿಯ ಮೈನಸ್ ಕಂಬದ ಮಧ್ಯೆ ಮೀಟರನ್ನು ಸೇರಿಸಿದರು. ಅಂದರೆ ಹೋಗೋ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಆಂಪಿಯರ್ ತೂತಿನಲ್ಲಿ ವೈರ್ ಇರುವಾಗ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡಡ್ಡ ಹಿಡಿಯಲೂ ಬಾರದು, ಅದು ನೇರ ಶಾರ್ಟ್.

ಮೀಟರ್ 1.30 ತೋರಿಸಿತು. ಎದೆ ಧಸಕ್ ಅಂದಿತು. ಅಣ್ಣ ಬಾಗಿಲ ಕಡೆ ನೋಡಿದರು. ಅಕ್ಕನ ಮಗ ಬಾಗಿಲು ತೆಗೆದು ಒರಗಿ ನಿಂತಿದ್ದ, ಒಳಗಿನ ಲೈಟು ಉರಿಯುತ್ತಿತ್ತು. 10 ವ್ಯಾಟ್ ಬಲ್ಬು ಅಂದರೆ ಹೆಚ್ಚುಕಮ್ಮಿ 0.8 ಆಂಪಿಯರ್. ಬಾಗಿಲು ಹಾಕಿದ ಮೇಲೆ 0.50ಕ್ಕೆ ಇಳಿದು ಅಲ್ಲೇ ನಿಂತಿತು. ನಮ್ಮಂಥ ಹಳೇ ಗಾಡಿಗೆ 0.05ರ ಒಳಗೇ ಇರಬೇಕು. ಹೊಸ ಗಾಡಿಗಳಲ್ಲಿ ಕೀ ತೆಗೆದ ಮೇಲೂ ಒಳಗಿನ ಕಂಪ್ಯೂಟರ್‌ಗಳು ಸಲ್ಪ ಹೊತ್ತು ಎಚ್ಚರ ಇರುತ್ತವೆ, ಅರ್ಧ ಗಂಟೆ ಕಾದು ಓದಬೇಕು.

0.50 ಅಂದರೆ ಚಿಲ್ಲರೆ ಅನಿಸುತ್ತದೆ, ಅಲ್ವಾ? 24 ಗಂಟೆಗೆ ಗುಣಿಸಿ. ದಿನಕ್ಕೆ 12 ಎಎಚ್. ನಾಲ್ಕು ದಿನಕ್ಕೆ 48. 80ರ ಬ್ಯಾಟರಿಯಲ್ಲಿ ಅಷ್ಟು ಹೋದರೆ ಡೀಸೆಲ್ ಇಂಜಿನ್ ತಿರುಗಿಸೋ ತಾಕತ್ತು ಉಳಿಯಲ್ಲ. ದಿನಾ ಓಡಿದರೆ ಡೈನಮೋ ಮತ್ತೆ ತುಂಬಿಸುತ್ತದೆ, ಕಾಯಿಲೆ ಕಾಣೋದೇ ಇಲ್ಲ. ಹೊಸ ಬ್ಯಾಟರಿ ಎರಡು ವಾರ ನನ್ನನ್ನು ಯಾಮಾರಿಸಿದ್ದು ಹೀಗೆ.

ಅಣ್ಣ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋದರು, ನಾನು ಮೀಟರ್ ಓದುತ್ತಾ ಹೋದೆ. ಹಾರ್ನ್, 0.50. ವೈಪರ್, 0.50. ಟೇಪ್ ರೆಕಾರ್ಡರ್ ಫ್ಯೂಸ್ ಕಿತ್ತಾಗ 0.49. ಪೂರ್ತಿ ಬಾಕ್ಸ್ ಖಾಲಿಯಾದರೂ ಅಷ್ಟೇ. ಹಾಗಾದರೆ ಕರೆಂಟು ಫ್ಯೂಸ್ ಬಾಕ್ಸಿಗೆ ಬರದೇ ಹೋಗುತ್ತಿದೆ ಅಂತಾಯಿತು. ಪ್ಲಸ್ ಟರ್ಮಿನಲ್ಲಿನ ಮೇಲೆ ಟಾರ್ಚ್ ಬಿಟ್ಟರೆ, ಗಾಡಿಯದ್ದಲ್ಲದ ಒಂದು ದಪ್ಪ ಕೆಂಪು ವೈರು. ಅದು ಮ್ಯಾಟಿನ ಕೆಳಗೆ ನುಸುಳಿ ಸೀಟಿನಡಿ ಹೋಗಿತ್ತು. ಅಲ್ಲಿ ಅಕ್ಕನ ಮಗ ವರ್ಷದ ಹಿಂದೆ ಹಾಕಿಸಿದ ಆಂಪ್ಲಿಫೈಯರ್. ಗಾಡಿ ನಿಂತು ಒಂದು ರಾತ್ರಿ ಕಳೆದಿದ್ದರೂ ಅದರ ಮೈ ಮುಟ್ಟಿದರೆ ಉಗುರು ಬೆಚ್ಚಗಿತ್ತು.

ಫಿಟ್ ಮಾಡಿದ ಅಂಗಡಿಯವರು ಮಾಡಿದ ಕೆಲಸ ನೋಡಿ. ಆಂಪ್ಲಿಫೈಯರಿಗೆ "ಈಗ ಎದ್ದೇಳು, ಈಗ ಮಲಗು" ಅಂತ ಹೇಳೋಕೆ ಟೇಪ್ ರೆಕಾರ್ಡರಿನಿಂದ ಒಂದು ನೀಲಿ ವೈರ್ ಬರುತ್ತದೆ. ಅದನ್ನು ಸದಾ ಕರೆಂಟಿರೋ ಆ ದಪ್ಪ ಕೆಂಪು ವೈರಿಗೇ ತಿರುಚಿ ಸೆಲೋಟೇಪ್ ಸುತ್ತಿದ್ದರು. ಟೇಪಿನ ಕೆಂಪು ವೈರನ್ನೂ, ಕೀ ಹಾಕಿದಾಗ ಮಾತ್ರ ಕರೆಂಟ್ ಬರಬೇಕಾದ್ದನ್ನು, ಅಲ್ಲಿಗೇ ಸೇರಿಸಿದ್ದರು. ಕೀ ಇಲ್ಲದೆ ಹಾಡು ಕೇಳಬೇಕು ಅಂತ ಹುಡುಗನೇ ಕೇಳಿದ್ದನಂತೆ. ಹಾಗಾಗಿ ಆಂಪ್ಲಿಫೈಯರ್ ಒಂದು ವರ್ಷದಿಂದ ನಿದ್ದೆಯನ್ನೇ ಮಾಡಿರಲಿಲ್ಲ. ಅದಕ್ಕಿಂತ ಭಯ ಆಗಿದ್ದು ಬೇರೆ. ಆ ದಪ್ಪ ವೈರಿಗೆ ಬ್ಯಾಟರಿ ಹತ್ತಿರ ಒಂದು ಫ್ಯೂಸೂ ಇರಲಿಲ್ಲ. ಸೀಟಿನ ಕಬ್ಬಿಣದ ಅಂಚಿಗೆ ಉಜ್ಜಿ ಒಂದು ಕಡೆ ಸಿಪ್ಪೆ ತೆಳುವಾಗಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಬ್ಯಾಟರಿ ಹೋಗುತ್ತಿರಲಿಲ್ಲ, ಗಾಡಿಯೇ ಬೆಂಕಿಗೆ ಹೋಗುತ್ತಿತ್ತು.

ಫ್ಯೂಸೆಲ್ಲ ಮತ್ತೆ ಹಾಕಿ, ಆಂಪ್ಲಿಫೈಯರಿನ ಆ ವೈರ್ ಬಿಚ್ಚಿದೆವು. 0.50 ಇದ್ದದ್ದು 0.09 ಆಯಿತು. ನಾನು ಖುಷಿಯಿಂದ ಟೀ ಹೇಳಿದೆ. ಅಣ್ಣನಿಗೆ ಸಮಾಧಾನ ಇಲ್ಲ. "ಇನ್ನೂ ಜಾಸ್ತಿನೇ." ಬ್ಯಾಟರಿಯನ್ನು ಪೂರ್ತಿ ಕಳಚಿ, ಡೈನಮೋ ಹಿಂದಿನ ದಪ್ಪ ವೈರ್ ಬಿಚ್ಚಿ ಟೇಪ್ ಸುತ್ತಿ, ಮತ್ತೆ ಮೀಟರ್ ಹಿಡಿದರು. 0.01.

ಅಂದರೆ ವೈರಿಂಗ್ ಅಂಗಡಿಯವರು 3,400 ತೆಗೆದುಕೊಂಡು ಹಾಕಿದ ಹೊಸ ಡಯೋಡ್ ಪ್ಲೇಟೇ ಸೋರುತ್ತಿತ್ತು. ಡಯೋಡಿನ ಕೆಲಸವೇ ಕರೆಂಟು ಡೈನಮೋದಿಂದ ಬ್ಯಾಟರಿಗೆ ಹೋಗಲಿ, ವಾಪಸ್ ಬರದಿರಲಿ ಅಂತ ತಡೆಯೋದು. ಇದು ತಡೆಯುತ್ತಿರಲಿಲ್ಲ. ಐದು ದಿನ ತಡೆದುಕೊಳ್ಳುತ್ತಿದ್ದ ಬ್ಯಾಟರಿ ರಿಪೇರಿ ಆದ ಮೇಲೆ ನಾಲ್ಕೇ ದಿನಕ್ಕೆ ಮಲಗಿದ್ದು ಅದಕ್ಕೇ. ಡೈನಮೋ ವೈರ್ ಮಾಮೂಲಿ ಫ್ಯೂಸ್ ಬಾಕ್ಸಿನಿಂದ ಹಾದು ಹೋಗಲ್ಲ, ಆದ್ದರಿಂದ ಎಲ್ಲ ಫ್ಯೂಸ್ ಕಿತ್ತರೂ ಈ ಸೋರಿಕೆ ಸಿಗಲ್ಲ. ಬಿಚ್ಚೋ ಮುಂಚೆ ಮೈನಸ್ ಟರ್ಮಿನಲ್ ತೆಗೆದಿರಲೇಬೇಕು. ಆ ವೈರಿನಲ್ಲಿ ಸದಾ ಬ್ಯಾಟರಿಯ ಕರೆಂಟಿರುತ್ತದೆ, ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ.

ಮೀಟರ್ ಸಮೇತ ಅಂಗಡಿಗೆ ಹೋಗಿ ತೋರಿಸಿದೆ. ಮೊದಲು "ಪೀಸೇ ಹಾಗೆ ಬಂದಿರತ್ತೆ" ಅಂದ. ಆಮೇಲೆ ಕೂಲಿ ಇಲ್ಲದೆ ಪ್ಲೇಟ್ ಬದಲಿಸಿಕೊಟ್ಟ. ಬಿಲ್ ಇದ್ದಿದ್ದರೆ ಇನ್ನೂ ಗಟ್ಟಿಯಾಗಿ ಮಾತಾಡಬಹುದಿತ್ತು. ಈ ಸಲ ನಾನು ಅಲ್ಲೇ ನಿಂತು, ಗಾಡಿ ಆಫ್ ಮಾಡಿಸಿ, ಓದಿಸಿಕೊಂಡೇ ಬಂದೆ. 0.01.

ರಾತ್ರಿ ಟರ್ಮಿನಲ್ ಕಳಚಿಟ್ಟರೆ ಸಾಕು ಅಂತ ಹಲವರು ಹೇಳಿದ್ದರು. ಮಾಡಬಹುದು, ಒಂದು ಕಟಾಫ್ ಸ್ವಿಚ್ ಹಾಕಿಸಿದರೆ ಇನ್ನೂ ಸುಲಭ. ಆದರೆ ಹಾಗೆ ಮಾಡಿದ್ದರೆ ಆ ಉಜ್ಜಿದ ವೈರ್ ನಮಗೆ ಸಿಗುತ್ತಿರಲಿಲ್ಲ.

ಹೋದ ವಾರ ಗಾಡಿ ಆರು ದಿನ ನಿಂತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ನೋಡಿದೆ, 12.5 ವೋಲ್ಟ್. ಅರ್ಧ ಸೆಲ್ಫಿಗೇ ಎದ್ದಿತು. ಆಂಪ್ಲಿಫೈಯರನ್ನು ಫ್ಯೂಸ್ ಹಾಕಿಸಿ, ನೀಲಿ ವೈರನ್ನು ಅದರ ಜಾಗಕ್ಕೆ ಸೇರಿಸಿ ಮತ್ತೆ ಕೂರಿಸಿದ್ದೇವೆ. ಲೋಡ್ ಮಾಡುವಾಗ ಕೀ ಇಲ್ಲದೆ ಹಾಡು ಬರಲ್ಲ ಅಂತ ಅಕ್ಕನ ಮಗನಿಗೆ ಇನ್ನೂ ಕೋಪ. "ಮಾವ, ಒಂದೇ ಹಾಡು" ಅಂತಾನೆ. ಕೀ ನನ್ನ ಜೇಬಿನಲ್ಲೇ ಇದೆ.