ಪ್ರಿನ್ಸ್ ರೂಪರ್ಟೋ, ಕೆಚಿಕನ್ನೋ?

ಪೆಸಿಫಿಕ್ ಸಾಗರದ ಉತ್ತರ ಕರಾವಳಿಯಲ್ಲಿ ಮೂಲನಿವಾಸಿಗಳ ಪರಂಪರೆಯನ್ನೂ ದಟ್ಟ ಕಾಡನ್ನೂ ಒಟ್ಟಿಗೆ ನೋಡಬಯಸುವವರ ಮುಂದೆ ಮುಖ್ಯವಾಗಿ ಎರಡು ಬಂದರು ಊರುಗಳಿವೆ. ಒಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ರೂಪರ್ಟ್, ಇನ್ನೊಂದು ಗಡಿಯಾಚೆ ಅಮೆರಿಕದ ಅಲಾಸ್ಕಾದ ಕೆಚಿಕನ್. ಬೇರೆ ಬೇರೆ ಬೇಸಿಗೆಗಳಲ್ಲಿ ಎರಡನ್ನೂ ನೋಡಿದ ನಾನು ಮತ್ತೆ ಹೋಗುವುದಾದರೆ ಪ್ರಿನ್ಸ್ ರೂಪರ್ಟ್‌ಗೇ ಹೋಗುತ್ತೇನೆ. ಆದರೆ ಟೋಟೆಮ್ ಕಂಬಗಳ, ಅಂದರೆ ಮೂಲನಿವಾಸಿಗಳು ಮರದಲ್ಲಿ ಆಕೃತಿಗಳನ್ನು ಕೆತ್ತಿ ನಿಲ್ಲಿಸುವ ಎತ್ತರದ ಕಂಬಗಳ, ವಿಷಯದಲ್ಲಿ ಕೆಚಿಕನ್‌ನದೇ ಮೇಲುಗೈ.

ಕೆಚಿಕನ್ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿನ ಟೋಟೆಮ್ ಹೆರಿಟೇಜ್ ಸೆಂಟರ್‌ನಲ್ಲಿ, ಜನವಸತಿ ಇಲ್ಲವಾದ ಟ್ಲಿಂಗಿಟ್ ಮತ್ತು ಹೈಡಾ ಹಳ್ಳಿಗಳಿಂದ ತಂದ 19ನೇ ಶತಮಾನದ ಸೀಡರ್ ಮರದ ಕಂಬಗಳನ್ನು ಹೊಸ ಬಣ್ಣ ಬಳಿಯದೆ ಇದ್ದಂತೆಯೇ ಕಾಪಾಡಲಾಗಿದೆ. ಹತ್ತಿರ ನಿಂತರೆ ಬಿರುಕುಬಿಟ್ಟ ಬೂದುಬಣ್ಣದ ಮರದಲ್ಲಿ ಬಾಚಿಯ ಏಟಿನ ಸಾಲುಗಳು ಕಾಣುತ್ತವೆ. ಕೆತ್ತಿದವನ ಕೈ ಎಷ್ಟು ನಿಧಾನವಾಗಿ ಸರಿದಿರಬೇಕೆಂದು ಅಲ್ಲಿ ಮನಸ್ಸಿಗೆ ಹೊಳೆಯುತ್ತದೆ. ಊರಾಚೆಯ ಟೋಟೆಮ್ ಬೈಟ್ ಉದ್ಯಾನದ ಕಂಬಗಳಲ್ಲಿ ಹೆಚ್ಚಿನವು 1938ರ ನಂತರ ಮೂಲನಿವಾಸಿ ಶಿಲ್ಪಿಗಳೇ ಮರುಸೃಷ್ಟಿಸಿದವು. ಕೊರತೆ ಒಂದೇ: ಹಲವು ಪ್ರವಾಸಿ ಹಡಗುಗಳು ಒಟ್ಟಿಗೆ ಬಂದು ನಿಂತ ದಿನ ಇದನ್ನೆಲ್ಲ ಸಮಾಧಾನವಾಗಿ ನೋಡುವುದು ಕಷ್ಟ.

ಪ್ರಿನ್ಸ್ ರೂಪರ್ಟ್ ಇರುವ ಕಾಯೆನ್ ದ್ವೀಪ ಸಿಮ್ಶಿಯನ್ ಎಂಬ ಮೂಲನಿವಾಸಿ ಜನರದು. 1887ರಲ್ಲಿ ಇಲ್ಲಿಗೆ ಸಮೀಪದ ಮೆಟ್ಲಾಕಾಟ್ಲಾದಿಂದ ಸುಮಾರು 800 ಸಿಮ್ಶಿಯನ್ನರು ಕೆಚಿಕನ್ ಹತ್ತಿರದ ಆನೆಟ್ ದ್ವೀಪಕ್ಕೆ ವಲಸೆ ಹೋಗಿ ಅದೇ ಹೆಸರಿನ ಊರು ಕಟ್ಟಿದರು. ಗಡಿಯಿಂದ ಬೇರೆಯಾದ ಈ ಎರಡು ತೀರಗಳನ್ನು ಹೀಗೆ ಒಂದೇ ಜನಾಂಗದ ಚರಿತ್ರೆ ಬೆಸೆದಿದೆ. ಪಕ್ಕದ ಪೋರ್ಟ್ ಎಡ್ವರ್ಡ್‌ನಲ್ಲಿ 1889ರ ನಾರ್ತ್ ಪೆಸಿಫಿಕ್ ಕ್ಯಾನರಿ ಉಳಿದುಕೊಂಡಿದೆ. ನೀರಿನ ಮೇಲೆ ಮರದ ಕಂಬಗಳನ್ನು ನಿಲ್ಲಿಸಿ ಕಟ್ಟಿದ ಈ ಮೀನು ಡಬ್ಬೀಕರಣ ಕಾರ್ಖಾನೆಯಲ್ಲಿ ಮೂಲನಿವಾಸಿ, ಚೀನೀ, ಜಪಾನಿ ಮತ್ತು ಯುರೋಪಿಯನ್ ಕೆಲಸಗಾರರು ಒಟ್ಟಿಗೆ ದುಡಿದರೂ ಅವರ ವಸತಿಗಳು ಬೇರೆ ಬೇರೆಯಾಗಿದ್ದವು. ಇಷ್ಟು ನೇರವಾಗಿ ದುಡಿಮೆಯ ಚರಿತ್ರೆ ತೋರಿಸುವ ಸ್ಥಳವನ್ನು ನಾನು ಕೆಚಿಕನ್‌ನಲ್ಲಿ ಕಾಣಲಿಲ್ಲ.

ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಮಾತ್ರ ಖುಟ್ಜೆಮಟೀನ್. ಗ್ರಿಜ್ಲಿ ಕರಡಿಗಳಿಗಾಗಿ 1994ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಈ ಕಣಿವೆಗೆ ಪ್ರಿನ್ಸ್ ರೂಪರ್ಟ್‌ನಿಂದ ದೋಣಿಯಲ್ಲಿ ಹೋಗಬೇಕು. ಪ್ರವಾಸಿಗರು ದಡಕ್ಕೆ ಇಳಿಯುವುದಿಲ್ಲ. ನದಿ ಸಮುದ್ರ ಸೇರುವಲ್ಲಿ ತಾಯಿ ಕರಡಿಯೊಂದು ಹಸುವಿನಂತೆ ತಲೆ ತಗ್ಗಿಸಿ ಜೊಂಡುಹುಲ್ಲು ಮೇಯುತ್ತಿತ್ತು, ನಮ್ಮ ದೋಣಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೆಚಿಕನ್‌ನ ಮಿಸ್ಟಿ ಫ್ಯೋರ್ಡ್ಸ್ ಎಂಬ ಕಡಿದಾದ ಕಡಲ ಕಣಿವೆಗಳಲ್ಲಿ ನೀರಿನಿಂದ ನೆಟ್ಟಗೆ ಮೇಲೇಳುವ ಗ್ರಾನೈಟ್ ಗೋಡೆಗಳು ಭವ್ಯವೇ ಸರಿ, ಆದರೆ ಮೋಡ ಇಳಿದರೆ ಅವು ಕಾಣುವುದೇ ಇಲ್ಲ.

ಮಳೆ ಎರಡೂ ಕಡೆ ವಿಪರೀತ. ಕೆಚಿಕನ್‌ನಲ್ಲಿ ಇನ್ನೂ ಹೆಚ್ಚು. ಕೆಚಿಕನ್‌ಗೆ ಹೊರಗಿನಿಂದ ರಸ್ತೆಯಿಲ್ಲ, ಹಡಗು ಅಥವಾ ವಿಮಾನವೇ ಗತಿ. ಪ್ರಿನ್ಸ್ ರೂಪರ್ಟ್‌ಗೆ ಹೆದ್ದಾರಿಯೂ ಇದೆ, ರಾಕಿ ಪರ್ವತಗಳ ಊರು ಜಾಸ್ಪರ್‌ನಿಂದ ರೈಲೂ ಇದೆ. ರಾತ್ರಿ ಪ್ರಿನ್ಸ್ ಜಾರ್ಜ್‌ನಲ್ಲಿ ತಂಗಿ, ಮರುದಿನ ಸ್ಕೀನಾ ನದಿಯ ಗುಂಟ ಸಾಗುವ ಆ ಪ್ರಯಾಣವನ್ನು ಬಿಡಬಾರದು. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಎರಡೂ ದೇಶಗಳ ವೀಸಾ ಪ್ರತ್ಯೇಕವಾಗಿ ಬೇಕು. ಕರಡಿಗಳನ್ನು ನೋಡಬೇಕಾದರೆ ಜೂನ್‌ನಲ್ಲಿ ಹೋಗಿ. ಹಂಪ್‌ಬ್ಯಾಕ್ ತಿಮಿಂಗಿಲಗಳೇ ಮುಖ್ಯವೆನಿಸಿದರೆ ಬೇಸಿಗೆಯ ಕೊನೆಯವರೆಗೆ ಕಾಯಿರಿ.